ನೆಲದಿಂದಲೇ ಚೆಂಡು ಎಬ್ಬಿಸುವ ಫೇರ್‌ವೇ ವುಡ್: ಆರಿಸುವುದು ಹೇಗೆ?

ಪಾರ್-5 ಹೋಲ್, ಅಂದರೆ ಐದು ಹೊಡೆತಕ್ಕೆ ಮುಗಿಸಬೇಕಾದದ್ದು. ಡ್ರೈವ್ ಚೆನ್ನಾಗಿ ಹೋಗಿದೆ. ಚೆಂಡು ಫೇರ್‌ವೇ (ಹುಲ್ಲು ಗಿಡ್ಡಕ್ಕೆ ಕತ್ತರಿಸಿದ ದಾರಿ) ನಡುವೆ ಕೂತಿದೆ, ಕುಳಿ ಇರುವ ಗ್ರೀನ್‌ಗೆ ಇನ್ನೂ 220 ಗಜ ಬಾಕಿ. ಬ್ಯಾಗಿನಿಂದ ಹೊಸ 3-ವುಡ್ ಹೊರಗೆ ಬರುತ್ತದೆ, ಅಂದರೆ ದೂರದ ಹೊಡೆತಕ್ಕಿರುವ ದಪ್ಪ ತಲೆಯ ಫೇರ್‌ವೇ ವುಡ್. ಜೋರಾಗಿ ಒಂದು ಸ್ವಿಂಗ್. ಚೆಂಡು ಮೊಣಕಾಲೆತ್ತರವೂ ಏಳದೆ ಹುಲ್ಲು ಸವರಿಕೊಂಡು ಎಪ್ಪತ್ತು ಗಜ ಓಡಿ ನಿಲ್ಲುತ್ತದೆ. ಬೆಂಗಳೂರಿನ ಯಾವ ಕೋರ್ಸಿಗಾದರೂ ಭಾನುವಾರ ಬೆಳಿಗ್ಗೆ ಹೋಗಿ ನೋಡಿ, ಇದು ಕಂಡೇ ಕಾಣುತ್ತದೆ. ಹೊಡೆದವರು "ತಲೆ ಎತ್ತಿಬಿಟ್ಟೆ" ಅಂತ ತಮ್ಮನ್ನೇ ಬೈದುಕೊಳ್ಳುತ್ತಾರೆ. ಆದರೆ ತಪ್ಪು ಬಹಳ ಸಲ ಅಂಗಡಿಯಲ್ಲೇ ಆಗಿರುತ್ತದೆ. ಟೀ (ಚೆಂಡು ಎತ್ತಿಡುವ ಸಣ್ಣ ಗೂಟ) ಮೇಲಿಟ್ಟು ಹೊಡೆಯುವವರಿಗೆ ಮಾಡಿದ ಕ್ಲಬ್ಬನ್ನು ನೆಲದಿಂದ ಹೊಡೆಯಬೇಕಾದವರು ಕೊಂಡುಬಿಡುತ್ತಾರೆ. ನಾನು ವರ್ಷಗಳಿಂದ ನೋಡುತ್ತಾ ಬಂದಿರುವುದು ಇದನ್ನೇ.

1. ಮೊದಲು ಡಿಗ್ರಿ ನೋಡಿ

ಲಾಫ್ಟ್ ಅಂದರೆ ಫೇಸ್ (ಚೆಂಡಿಗೆ ತಾಗುವ ಮುಖ) ಹಿಂದಕ್ಕೆ ವಾಲಿರುವ ಕೋನ. 3-ವುಡ್ ಅಂದರೆ ಸಾಮಾನ್ಯವಾಗಿ 15 ಡಿಗ್ರಿ ಲಾಫ್ಟ್. 5-ವುಡ್ 18 ಅಥವಾ 19. 7-ವುಡ್ 21 ಅಥವಾ 22. 9-ವುಡ್ 24ರ ಆಸುಪಾಸು. ಕೆಲವು ಕಂಪನಿಗಳು 13.5 ಡಿಗ್ರಿಯ 'ಸ್ಟ್ರಾಂಗ್ 3' ಮಾಡುತ್ತವೆ. ಅದನ್ನು ಕೈಯಲ್ಲಿ ಹಿಡಿಯಲೂ ಹೋಗಬೇಡಿ. ಅದು ಟೀ ಮೇಲಿನ ಕ್ಲಬ್, ಜೋರು ಸ್ವಿಂಗ್ ಇರುವವರ ಕ್ಲಬ್.

ನನ್ನ ಲೆಕ್ಕ ಸರಳ. ನಿಮ್ಮ ಡ್ರೈವರ್ ಗಾಳಿಯಲ್ಲೇ 220 ಗಜ ದಾಟದಿದ್ದರೆ 3-ವುಡ್ ಬಿಟ್ಟು 5-ವುಡ್‌ನಿಂದ ಶುರು ಮಾಡಿ. 200 ಗಜವೂ ದಾಟದಿದ್ದರೆ ಮೊದಲು 7-ವುಡ್ ಕೊಳ್ಳಿ.

"ದೂರ ಕಡಿಮೆಯಾಗುತ್ತಲ್ವಾ?" ಅಂತ ಎಲ್ಲರೂ ಕೇಳುತ್ತಾರೆ. ಚೆಂಡಿನ ಹಾರಾಟ ಅಳೆಯುವ ಯಂತ್ರ ಮಾಡುವ ಟ್ರ್ಯಾಕ್‌ಮ್ಯಾನ್ ಕಂಪನಿ ಪ್ರಕಟಿಸಿದ, ವರ್ಷಗಳಿಂದ ಎಲ್ಲ ಕೋಚ್‌ಗಳ ಬಳಿ ಓಡಾಡುತ್ತಿರುವ ಸರಾಸರಿ ಪಟ್ಟಿಯೊಂದಿದೆ. ಅದರಲ್ಲಿ ಎಲ್‌ಪಿಜಿಎ (ಮಹಿಳೆಯರ ವೃತ್ತಿಪರ ಟೂರ್) ಆಟಗಾರ್ತಿಯರ 3-ವುಡ್ ಗಾಳಿಯಲ್ಲಿ 195 ಗಜ ಹೋಗುತ್ತದೆ, 5-ವುಡ್ 185. ವ್ಯತ್ಯಾಸ ಬರೀ ಹತ್ತು ಗಜ. ಅದೂ ಪ್ರತಿ ಸಲ ಫೇಸ್ ನಡುವೆಯೇ ಹೊಡೆಯುವ ವೃತ್ತಿಪರರದ್ದು. ವಾರಕ್ಕೊಮ್ಮೆ ಆಡುವವರಿಗೆ ಆ ಹತ್ತು ಗಜವೂ ಸಿಗುವುದಿಲ್ಲ. ಚೆಂಡು ಏಳದ 3-ವುಡ್‌ಗಿಂತ ಎದ್ದು ಹಾರುವ 5-ವುಡ್ ಮುಂದೆಯೇ ಬೀಳುತ್ತದೆ.

ಇದು ಇವತ್ತಿನ ಮಾತೂ ಅಲ್ಲ. 1935ರ ಮಾಸ್ಟರ್ಸ್ ಪಂದ್ಯಾವಳಿಯ ಕೊನೆಯ ಸುತ್ತಿನಲ್ಲಿ ಅಮೆರಿಕದ ಹೆಸರಾಂತ ಆಟಗಾರ ಜೀನ್ ಸರಾಜೆನ್ 15ನೇ ಹೋಲ್‌ನಲ್ಲಿ 235 ಗಜದಿಂದ ನೇರ ಕುಳಿಗೆ ಹೊಡೆದರು. ಗಾಲ್ಫ್‌ನ ಅತಿ ಹೆಸರಾದ ಆಲ್ಬಟ್ರಾಸ್ (ಪಾರ್‌ಗಿಂತ ಮೂರು ಹೊಡೆತ ಕಡಿಮೆ) ಅದು. ಚೆಂಡು ಕೂತ ಜಾಗ ಅಷ್ಟು ಚೆನ್ನಾಗಿರಲಿಲ್ಲ. 3-ವುಡ್‌ನಿಂದ ಅದನ್ನು ಎಬ್ಬಿಸಲು ಆಗದು ಅಂತ ಅವರು ಆರಿಸಿಕೊಂಡಿದ್ದು 4-ವುಡ್. ಸರಾಜೆನ್‌ಗೇ ಸಂಕೋಚ ಇರಲಿಲ್ಲ ಅಂದಮೇಲೆ ನಮಗೇಕೆ? 7-ವುಡ್ ಹೆಂಗಸರದ್ದು, ವಯಸ್ಸಾದವರದ್ದು ಅನ್ನುವ ಮಾತನ್ನೂ ಕಿವಿಗೆ ಹಾಕಿಕೊಳ್ಳಬೇಡಿ. 2020ರ ಮಾಸ್ಟರ್ಸ್ ಅನ್ನು 20 ಅಂಡರ್ (ಪಾರ್‌ಗಿಂತ 20 ಹೊಡೆತ ಕಡಿಮೆ) ದಾಖಲೆಯೊಂದಿಗೆ ಗೆದ್ದ ಡಸ್ಟಿನ್ ಜಾನ್ಸನ್ ಬ್ಯಾಗಿನಲ್ಲಿ 7-ವುಡ್ ಇತ್ತು.

2. ಫೇಸ್ ಎಷ್ಟು ಎತ್ತರ ಇದೆ?

ಇದನ್ನು ಅಂಗಡಿಯಲ್ಲಿ ಯಾರೂ ಹೇಳುವುದಿಲ್ಲ. ನೀವೇ ನೋಡಬೇಕು.

ಚೆಂಡಿನ ಅಡ್ಡಳತೆ 42.67 ಮಿಲಿಮೀಟರ್. ಅಂದರೆ ಅದರ ನಡು ನೆಲದಿಂದ ಸುಮಾರು 21 ಮಿಲಿಮೀಟರ್ ಮೇಲಿರುತ್ತದೆ. ಕ್ಲಬ್ಬಿನ ಫೇಸ್ ಹಿಂದಕ್ಕೆ ವಾಲಿರುವುದರಿಂದ ಅದು ಚೆಂಡನ್ನು ಮುಟ್ಟುವುದು ನಡುವಿಗಿಂತ ಕೆಳಗೆ. 15 ಡಿಗ್ರಿ ಲಾಫ್ಟ್ ಇದ್ದು, ಗಟ್ಟಿ ನೆಲದ ಮೇಲೆ ಸೋಲ್ (ಕ್ಲಬ್ಬಿನ ತಳ) ನೆಲ ಸವರುವ ಹಾಗೆ ಬಂದರೆ ಆ ಜಾಗ ನೆಲದಿಂದ ಸುಮಾರು 16 ಮಿಲಿಮೀಟರ್. ಅಷ್ಟೇ! ಹೆಡ್‌ನ ತೂಕದ ಕೇಂದ್ರ ಇದಕ್ಕಿಂತ ತುಂಬ ಮೇಲಿದ್ದರೆ ಪ್ರತಿ ಹೊಡೆತವೂ ಫೇಸ್‌ನ ಕೆಳಭಾಗದಲ್ಲೇ ಬೀಳುತ್ತದೆ. ವುಡ್‌ಗಳ ಫೇಸ್ ಮೇಲಿಂದ ಕೆಳಕ್ಕೆ ಸ್ವಲ್ಪ ಉಬ್ಬಿರುವುದರಿಂದ ಕೆಳಭಾಗದಲ್ಲಿ ಲಾಫ್ಟ್ ಕೂಡ ಕಡಿಮೆ. ಹೀಗಾಗಿ ಚೆಂಡು ತಗ್ಗಾಗಿ ಹೊರಡುತ್ತದೆ, ಸ್ಪಿನ್ ಜಾಸ್ತಿಯಾಗುತ್ತದೆ, ವೇಗ ಸಾಯುತ್ತದೆ.

ಆದ್ದರಿಂದ ಫೇಸ್ ಕುಳ್ಳಗಿರಬೇಕು, ತೂಕ ಕೆಳಗೂ ಹಿಂದಕ್ಕೂ ಇರಬೇಕು. ಪರೀಕ್ಷೆ ಸುಲಭ. ಅಂಗಡಿಯ ನೆಲದ ಮೇಲೆ ಚೆಂಡಿಡಿ, ಹಿಂದೆ ಕ್ಲಬ್ ಇಡಿ. ಕುಕ್ಕರುಗಾಲಲ್ಲಿ ಕೂತು ಬದಿಯಿಂದ ನೋಡಿ. ಚೆಂಡಿನ ಮೇಲ್ಭಾಗ ಹೆಡ್‌ಗಿಂತ ಎದ್ದು ಕಾಣಬೇಕು. ಹೆಡ್ ಚೆಂಡಿನಷ್ಟೇ ಎತ್ತರ ಇದ್ದರೆ ವಾಪಸ್ ಕೊಟ್ಟುಬಿಡಿ. ಒಂದೇ ಹೆಸರಿನ ಕ್ಲಬ್ ಎರಡು ಮೂರು ಬಗೆಯಲ್ಲಿ ಬರುತ್ತದೆ ಅನ್ನುವುದೂ ನೆನಪಿರಲಿ. 'ಮ್ಯಾಕ್ಸ್' ಅಂತ ಇರುವುದು ಸಾಮಾನ್ಯವಾಗಿ ಅಗಲ, ತೂಕ ಹಿಂದಕ್ಕೆ, ಚೆಂಡು ಬೇಗ ಏಳುತ್ತದೆ. 'ಟೂರ್', 'ಎಲ್‌ಎಸ್' ಅಂತ ಇದ್ದರೆ ತೂಕ ಮುಂದಕ್ಕೆ, ಸ್ಪಿನ್ ಕಡಿಮೆ. ನೋಡಲು ಚಂದ, ನೆಲದಿಂದ ಎಬ್ಬಿಸಲು ಕಷ್ಟ.

3. ಸೋಲ್

ತಿರುಗಿಸಿ ನೋಡಿ. ಪೂರ್ತಿ ಚಪ್ಪಟೆ, ಅಗಲ ಸೋಲ್ ಬೇಡ. ಬೇಸಿಗೆಯ ಗಟ್ಟಿ ನೆಲದಲ್ಲಿ ಅದು ಪುಟಿದು ಚೆಂಡಿನ ತಲೆ ಸವರುತ್ತದೆ. ಮುಂದಿನ ಅಂಚು ಸ್ವಲ್ಪ ದುಂಡಗೆ, ಸೋಲ್ ಸ್ವಲ್ಪ ಉಬ್ಬಿರಬೇಕು. ಕೋಬ್ರಾ ಕಂಪನಿ 1975ರಲ್ಲೇ ಬ್ಯಾಫ್ಲರ್ ಅನ್ನುವ ಕ್ಲಬ್ಬಿಗೆ ಸೋಲ್ ಅಡಿಯಲ್ಲಿ ಎರಡು ಹಳಿ ಕೂರಿಸಿತ್ತು. ಇವತ್ತಿಗೂ ಆ ಉಪಾಯ ಕೆಲಸ ಮಾಡುತ್ತದೆ.

4. ಶಾಫ್ಟ್

ಶಾಫ್ಟ್ ಅಂದರೆ ಕ್ಲಬ್ಬಿನ ಕೋಲು. 3-ವುಡ್ ಸುಮಾರು 43 ಇಂಚು, 5-ವುಡ್ 42.5, 7-ವುಡ್ 42. ಉದ್ದ ಜಾಸ್ತಿಯಾದಷ್ಟೂ ಫೇಸ್ ನಡುವೆ ಹೊಡೆಯುವುದು ಕಷ್ಟ. ನನ್ನ ಕೇಳಿದರೆ ಅರ್ಧ ಇಂಚು ಕಡಿಮೆಯೇ ಒಳ್ಳೆಯದು. ಶಾಫ್ಟ್ ಮೇಲಿನ ಆರ್ (ರೆಗ್ಯುಲರ್), ಎಸ್ (ಸ್ಟಿಫ್, ಅಂದರೆ ಗಡುಸು) ಅಕ್ಷರಗಳಿಗೆ ಎಲ್ಲ ಕಂಪನಿಗೂ ಒಂದೇ ಅಳತೆ ಅಂತ ಇಲ್ಲ. ಒಬ್ಬರ ಆರ್ ಇನ್ನೊಬ್ಬರ ಎಸ್‌ನಷ್ಟು ಗಡುಸಾಗಿರಬಹುದು. ಅಕ್ಷರ ನೋಡಿ ತೆಗೆದುಕೊಳ್ಳಬೇಡಿ, ಹೊಡೆದು ನೋಡಿ.

ಇಲ್ಲೇ ಇನ್ನೊಂದು ಮಾತು. ಶಾಫ್ಟ್ ಹೆಡ್ ಸೇರುವಲ್ಲಿ ಲಾಫ್ಟ್ ಬದಲಿಸುವ ಕೀಲಿ ಇರುವ ಕ್ಲಬ್ ತೋರಿಸಿ "ಸಾರ್, 15 ಅನ್ನು 17 ಮಾಡ್ಕೊಬಹುದು, 5-ವುಡ್ ಯಾಕೆ ಬೇಕು?" ಅಂತ ಮಾರುವವರಿದ್ದಾರೆ. ತಿರುಗಿಸಿದಾಗ ಲಾಫ್ಟ್ ಏರುತ್ತದೆ, ನಿಜ. ಆದರೆ ಫೇಸ್ ಎಡಕ್ಕೆ ಮುಚ್ಚಿಕೊಳ್ಳುತ್ತದೆ, ಶಾಫ್ಟ್ ಉದ್ದ 3-ವುಡ್‌ನದ್ದೇ ಉಳಿಯುತ್ತದೆ, ಹೆಡ್ ಕೂಡ ಅದೇ. ಬಲಕ್ಕೆ ಸ್ಲೈಸ್ ಮಾಡುವವರಿಗೆ ಸ್ವಲ್ಪ ಅನುಕೂಲ ಆದೀತು. ಅದು 5-ವುಡ್ ಆಗುವುದಿಲ್ಲ. ಕೀಲಿ ಇಲ್ಲದ ಕ್ಲಬ್ಬೇ ನನಗೆ ಇಷ್ಟ. ಆ ಕೀಲಿಯ ತೂಕವೂ ಕೆಳಗೆ ಸೋಲ್‌ನಲ್ಲಿದ್ದರೆ ಚೆಂಡಿಗೆ ಉಪಕಾರ.

5. ಹುಲ್ಲಿನ ಮೇಲೆ ಹೊಡೆದು ನೋಡಿ

ಎಲ್ಲರೂ ಎಡವುವುದು ಇಲ್ಲೇ. ಉಳಿದದ್ದನ್ನೆಲ್ಲ ಮರೆತರೂ ಇದನ್ನು ಮರೆಯಬೇಡಿ.

ಅಂಗಡಿಯ ಬಲೆಯೊಳಗೆ, ರೇಂಜ್‌ನಲ್ಲಿ, ಹೊಡೆಯುವುದು ಪ್ಲಾಸ್ಟಿಕ್ ಮ್ಯಾಟ್ ಮೇಲೆ. ಚೆಂಡಿಗಿಂತ ಒಂದಿಂಚು ಹಿಂದೆ ಹೊಡೆದರೂ ಮ್ಯಾಟ್ ಮೇಲೆ ಸೋಲ್ ಜಾರಿಕೊಂಡು ಬಂದು ಚೆಂಡನ್ನು ಸೇರುತ್ತದೆ. ಹೊಡೆತ ಚೆನ್ನಾಗೇ ಬಂದ ಹಾಗೆ ಕಾಣುತ್ತದೆ. ಅದೇ ಹೊಡೆತ ಮಳೆಗಾಲದ ಮೆತ್ತನೆಯ ಫೇರ್‌ವೇನಲ್ಲಿ ಗುದ್ದಲಿ ಹಾಗೆ ಕಚ್ಚಿಕೊಳ್ಳುತ್ತದೆ. ಜೊತೆಗೆ ಅಂಗಡಿಯವರು ಪರದೆಯಲ್ಲಿ ತೋರಿಸುವುದು ನಿಮ್ಮ ಅತಿ ಉದ್ದದ ಹೊಡೆತವನ್ನು. ನೀವು ಕೊಂಡು ತರುವುದು ಆ ಒಂದು ಹೊಡೆತವನ್ನು ನಂಬಿ.

ಡೆಮೊ ಕ್ಲಬ್ ಕೇಳಿ. ನೀವು ಆಡುವ ಕೋರ್ಸಿನ ಕೋಚ್ ಬಳಿ ಇರುತ್ತದೆ, ಇಲ್ಲವೇ ಗೆಳೆಯರ ಬ್ಯಾಗಿನಲ್ಲಿ. ರೇಂಜ್ ಚೆಂಡು ಬೇಡ, ನೀವು ಆಡುವ ಚೆಂಡನ್ನೇ ತೆಗೆದುಕೊಂಡು ಹೋಗಿ. ಮೂರು ಜಾಗ ಆರಿಸಿ: ಚೆಂಡು ಹುಲ್ಲಿನ ಮೇಲೆ ಎದ್ದು ಕೂತಿರುವ ಜಾಗ, ತೀರ ಗಿಡ್ಡಕ್ಕೆ ಕತ್ತರಿಸಿದ ಜಾಗ, ಮಣ್ಣು ಕಾಣುವ ಬೋಳು ಜಾಗ. ಮೊದಲನೆಯದರಲ್ಲಿ ಯಾವ ಕ್ಲಬ್ಬಾದರೂ ಎದ್ದೇಳುತ್ತದೆ. ತೀರ್ಪು ಸಿಗುವುದು ಉಳಿದ ಎರಡರಲ್ಲಿ.

ಒಂದೇ ಕ್ಲಬ್ಬಿನಿಂದ ಸಾಲಾಗಿ ಹತ್ತು ಹೊಡೆಯಬೇಡಿ. ಹತ್ತನೆಯ ಹೊತ್ತಿಗೆ ನಿಮ್ಮ ಮೈಯೇ ಆ ಕ್ಲಬ್ಬಿಗೆ ಹೊಂದಿಕೊಂಡಿರುತ್ತದೆ, ಆಟದಲ್ಲಿ ಆ ಅವಕಾಶ ಇಲ್ಲವಲ್ಲ. ಹೊಸದು ಒಂದು, ಹಳೆಯದು ಒಂದು, ನಡುವೆ ಒಂದು ಐರನ್, ಮತ್ತೆ ಹೊಸದು. ಹೀಗೆ ಬದಲಿಸುತ್ತಾ ಹೋಗಿ.

ಫೇಸ್‌ನಲ್ಲಿ ಎಲ್ಲಿ ಬಡಿಯಿತು ಅಂತ ತಿಳಿಯಲು ವೈಟ್‌ಬೋರ್ಡ್ ಮಾರ್ಕರ್ ಸಾಕು. ಚೆಂಡಿನ ಹಿಂಬದಿಗೆ ದಪ್ಪ ಚುಕ್ಕೆ ಇಡಿ, ಅದು ಫೇಸ್‌ಗೆ ಬರುವ ಹಾಗೆ ಚೆಂಡು ಇಟ್ಟು ಹೊಡೆಯಿರಿ. ಫೇಸ್ ಮೇಲೆ ಗುರುತು ಮೂಡುತ್ತದೆ. ಒರೆಸಿ ಮತ್ತೆ ಹೊಡೆಯಿರಿ. ಎಲ್ಲ ಚುಕ್ಕೆಯೂ ಕೆಳಗಿನ ಅಂಚಿನಲ್ಲೇ ಬೀಳುತ್ತಿದ್ದರೆ ಆ ಫೇಸ್ ನಿಮಗೆ ಎತ್ತರ ಜಾಸ್ತಿ. ಇದು ಅಭ್ಯಾಸಕ್ಕೆ ಮಾತ್ರ. ಚೆಂಡು ಬೇರೆ ಥರ ಹಾರಲಿ ಅಂತ ಫೇಸ್‌ಗೆ ಏನನ್ನಾದರೂ ಬಳಿದುಕೊಂಡು ಸುತ್ತಿನಲ್ಲಿ ಹೊಡೆಯುವುದು ನಿಯಮಕ್ಕೆ ವಿರುದ್ಧ. ಸ್ಪಿನ್ ಕಡಿಮೆ ಮಾಡುತ್ತೇವೆ ಅಂತ ಬರುವ ಸ್ಪ್ರೇಗಳೂ ಅದೇ ಜಾತಿಯವು, ದುಡ್ಡು ದಂಡ.

ಆಮೇಲೆ ನೆಲ ನೋಡಿ. ಹುಲ್ಲಿನ ತುದಿ ಬಾಚಿದ ಹಾಗೆ ಸಣ್ಣ ಗೀರು ಇರಬೇಕು, ಅದೂ ಚೆಂಡಿದ್ದ ಜಾಗದಿಂದ ಮುಂದಕ್ಕೆ. ಆಳವಾದ ಕಚ್ಚು ಇದ್ದರೆ ಮುಂದಿನ ಅಂಚು ಚೂಪಾಗಿದೆ. ಗುರುತೇ ಇಲ್ಲದಿದ್ದರೆ ನೀವು ಚೆಂಡನ್ನು ಎತ್ತಲು ನೋಡುತ್ತಿದ್ದೀರಿ. ಲಾಫ್ಟ್ ಸಾಲದ ಕ್ಲಬ್ ಕೈಗೆ ಕೊಟ್ಟರೆ ಯಾರಾದರೂ ಹಾಗೇ ಮಾಡುತ್ತಾರೆ. ಭಾರ ಹಿಂದಿನ ಕಾಲಿಗೆ ಹೋಗುತ್ತದೆ, ಕೈ ಮೇಲಕ್ಕೆ ಎಳೆಯುತ್ತದೆ, ಚೆಂಡು ಟಾಪ್ ಆಗುತ್ತದೆ, ಅಂದರೆ ಕ್ಲಬ್ ಅದರ ತಲೆಗಷ್ಟೇ ತಾಗುತ್ತದೆ. ಲಾಫ್ಟ್ ಜಾಸ್ತಿ ಇರುವ ಕ್ಲಬ್ ಕೊಡಿ, ಅದೇ ಮನುಷ್ಯ ಮರುಕ್ಷಣ ಸಲೀಸಾಗಿ ಕೆಳಕ್ಕೆ ಹೊಡೆಯುತ್ತಾನೆ. ನಾನು ಇದನ್ನು ಬೇಕಾದಷ್ಟು ಸಲ ನೋಡಿದ್ದೇನೆ, ಪ್ರತಿ ಸಲವೂ ಖುಷಿಯಾಗುತ್ತದೆ.

ಎತ್ತರ ಅಳೆಯಲು ಯಂತ್ರ ಇದ್ದರೆ ಎರಡೇ ಅಂಕಿ ನೋಡಿ, ಚೆಂಡು ಏರಿದ ಎತ್ತರ ಮತ್ತು ಇಳಿದ ಕೋನ. ಮೇಲೆ ಹೇಳಿದ ಪಟ್ಟಿಯಲ್ಲೇ ಎಲ್‌ಪಿಜಿಎ ಆಟಗಾರ್ತಿಯರ 5-ವುಡ್ 26 ಗಜ ಮೇಲೇರಿ 43 ಡಿಗ್ರಿಯಲ್ಲಿ ಇಳಿಯುತ್ತದೆ. ಅದರ ಹತ್ತಿರಕ್ಕೆ ಬಂದರೆ ಬಹಳ ಒಳ್ಳೆಯದು, ಅಂಥ ಚೆಂಡು ಗ್ರೀನ್ ಮೇಲೆ ನಿಲ್ಲುತ್ತದೆ. ಎತ್ತರ 15 ಗಜಕ್ಕಿಂತ ಕೆಳಗಿದ್ದರೆ ಇನ್ನೊಂದು ಕ್ಲಬ್ ನೋಡಿ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲಿದೆ. ಗಾಳಿ ತೆಳುವಾಗಿರುವುದರಿಂದ ಚೆಂಡು ಸ್ವಲ್ಪ ದೂರ ಹೋಗುತ್ತದೆ, ಆದರೆ ಅದನ್ನು ಎತ್ತಿ ಹಿಡಿಯುವ ಬಲವೂ ಸ್ವಲ್ಪ ಕಡಿಮೆ. ಇಲ್ಲಿ ಆಡುವವರು ಲಾಫ್ಟ್ ಜಾಸ್ತಿ ಇಟ್ಟುಕೊಳ್ಳಲು ಇದೂ ಒಂದು ಕಾರಣ. ಯಂತ್ರ ಇಲ್ಲದಿದ್ದರೆ ದೂರದ ಒಂದು ಮರ ಗುರುತು ಮಾಡಿಕೊಳ್ಳಿ, ಚೆಂಡು ಅದರ ತಲೆ ದಾಟುತ್ತದೆಯೇ ನೋಡಿ.

ಕೊನೆಗೆ, ನಿಮ್ಮ ಕೆಟ್ಟ ಹೊಡೆತಗಳನ್ನು ಹೋಲಿಸಿ. ಒಳ್ಳೆಯ ಹೊಡೆತ ಎಲ್ಲ ಕ್ಲಬ್ಬಿನಲ್ಲೂ ಒಳ್ಳೆಯದೇ. ಫೇಸ್‌ನ ಕೆಳಗೆ ತಾಗಿದ ಚೆಂಡನ್ನೂ ಯಾವುದು ಗಾಳಿಗೆ ಏರಿಸಿತೋ ಅದನ್ನು ಕೊಳ್ಳಿ.

ಹುಲ್ಲೇ ಸಿಗದಿದ್ದರೆ ಒಂದು ದಾರಿ ಇದೆ. ಮುಖ ಒರೆಸುವ ಟವೆಲ್ ಮಡಚಿ ಚೆಂಡಿನ ಹಿಂದೆ ನಾಲ್ಕು ಬೆರಳಷ್ಟು ದೂರಕ್ಕೆ ಮ್ಯಾಟ್ ಮೇಲೆ ಹಾಸಿ. ಕ್ಲಬ್ ಟವೆಲ್ಲಿಗೆ ತಾಗಿದರೆ ಆ ಹೊಡೆತ ಹುಲ್ಲಿನ ಮೇಲೆ ಸತ್ತಿತು ಅಂತಲೇ ಲೆಕ್ಕ.

6. ಹೈಬ್ರಿಡ್ ಸಾಕಲ್ವಾ?

ಉದ್ದ ಹುಲ್ಲಿನಿಂದ ಹೊಡೆಯುವುದೇ ಜಾಸ್ತಿಯಾದರೆ ಹೈಬ್ರಿಡ್ (ವುಡ್ ಮತ್ತು ಐರನ್ ನಡುವಿನ ಕ್ಲಬ್) ಸರಿ. ಅದು ಚಿಕ್ಕದು, ಹುಲ್ಲು ಸೀಳಿಕೊಂಡು ಹೋಗುತ್ತದೆ. ಫೇರ್‌ವೇನಿಂದಾದರೆ 7-ವುಡ್ ಮೇಲು. ಅದರ ತೂಕ ಫೇಸ್‌ನಿಂದ ಇನ್ನೂ ಹಿಂದಿರುವುದರಿಂದ ಅದೇ ಲಾಫ್ಟ್‌ನಲ್ಲಿ ಚೆಂಡು ಇನ್ನೂ ಎತ್ತರ ಹೋಗಿ ಮೆತ್ತಗೆ ಇಳಿಯುತ್ತದೆ. ಬ್ಯಾಗಿನಲ್ಲಿ 14 ಕ್ಲಬ್ ಮಾತ್ರ ಇರಬಹುದು, ಆದ್ದರಿಂದ ಮುಟ್ಟದ 3-ಐರನ್, 4-ಐರನ್ ಮನೆಯಲ್ಲಿಟ್ಟು ಜಾಗ ಮಾಡಿಕೊಳ್ಳಿ.

7. ಕೊಳ್ಳುವಾಗ

ಹಿಂದಿನ ವರ್ಷದ ಮಾಡೆಲ್ ಧಾರಾಳವಾಗಿ ಕೊಳ್ಳಿ, ಫೇರ್‌ವೇ ವುಡ್‌ನಲ್ಲಿ ಒಂದೆರಡು ವರ್ಷಕ್ಕೆ ಏನೂ ಬದಲಾಗುವುದಿಲ್ಲ. ಸೆಕೆಂಡ್‌ಹ್ಯಾಂಡ್ ಆದರೆ ಫೇಸ್ ಮೇಲೆ ಬೆರಳಾಡಿಸಿ, ತಗ್ಗು ಇದೆಯೇ ನೋಡಿ. ಹೆಡ್ ಅನ್ನು ಕಿವಿ ಹತ್ತಿರ ಹಿಡಿದು ಅಲ್ಲಾಡಿಸಿ, ಒಳಗೆ ಏನಾದರೂ ಗಡಗಡ ಅಂದರೆ ಬೇಡ. ಶಾಫ್ಟ್ ಹೆಡ್ ಸೇರುವ ಜಾಗದಲ್ಲಿ ಬಿರುಕು ಹುಡುಕಿ. ಅರ್ಧ ಬೆಲೆಗೆ ಹೊಚ್ಚ ಹೊಸ ಕ್ಲಬ್ ಅಂತ ಆನ್‌ಲೈನ್‌ನಲ್ಲಿ ಬಂದರೆ ಅದು ನಕಲಿ ಆಗಿರುವ ಸಾಧ್ಯತೆಯೇ ಹೆಚ್ಚು. ಸೀರಿಯಲ್ ನಂಬರ್ ಕೇಳಿ ಕಂಪನಿಗೇ ಬರೆದು ಖಚಿತ ಮಾಡಿಕೊಳ್ಳಿ. ಗ್ರಿಪ್ ಸವೆದಿದ್ದರೆ ಚಿಂತೆ ಬೇಡ, ಅದನ್ನು ಬದಲಿಸಲು ಹೆಚ್ಚು ಖರ್ಚಾಗದು. ಅದನ್ನೇ ತೋರಿಸಿ ಬೆಲೆ ಇಳಿಸಿ.