ಮೀನು ಸೊರಗಿದೆಯಾ? ಬೆನ್ನು ನೋಡಿ
ವರದಾ, ತುಂಗಭದ್ರಾ ನದಿಗಳಲ್ಲಿ ಸಿಕ್ಕ ಮೀನು ಗಟ್ಟಿಯಾಗಿದೆಯಾ ಅಂತ ತಿಳಿಯಲು ಹೊಟ್ಟೆ ನೋಡಬೇಡಿ, ಮೇಲಿಂದ ಬೆನ್ನು ನೋಡಿ. ತಲೆಯ ಹಿಂದೆ ಮೈ ದುಂಡಗೆ ತುಂಬಿಕೊಂಡಿದ್ದರೆ ಚೆನ್ನಾಗಿದೆ. ತಲೆಯೇ ದೊಡ್ಡದಾಗಿ, ಬೆನ್ನಿನ ಏಣು ಚೂಪಾಗಿ ಎದ್ದು ಕಂಡರೆ ಸೊರಗಿದೆ. ಹೊಟ್ಟೆ ಮೋಸ ಮಾಡುತ್ತದೆ. ಮೊಟ್ಟೆ, ಹುಳು, ಆಗಷ್ಟೇ ತಿಂದದ್ದು, ಏನಿದ್ದರೂ ಉಬ್ಬುತ್ತದೆ. ಬೆನ್ನಿನ ಮಾಂಸ ಕರಗೋದು ಬಹಳ ದಿನ ಮೇವು ಸಿಗದಿದ್ದಾಗ, ಇಲ್ಲವೇ ರೋಗ ಬಂದಾಗ. ತಕ್ಕಡಿ ಇದ್ದರೆ ಲೆಕ್ಕವೂ ಹಾಕಬಹುದು: ಗ್ರಾಂ ತೂಕವನ್ನು 100ರಿಂದ ಗುಣಿಸಿ, ಸೆಂಟಿಮೀಟರ್ ಉದ್ದದ ಘನದಿಂದ ಭಾಗಿಸಿ. 30 ಸೆಂ.ಮೀ., 270 ಗ್ರಾಂ ಅಂದರೆ 1 ಬರುತ್ತದೆ. ಈ ಅಂಕಿ ಹೆಚ್ಚಿದ್ದಷ್ಟೂ ಮೀನು ಮೈ ತುಂಬಿಕೊಂಡಿದೆ ಅಂತ ಅರ್ಥ. ಆದರೆ ರೋಹುವನ್ನು ಅದೇ ಅಳತೆಯ ರೋಹು ಜೊತೆಗೇ ಹೋಲಿಸಬೇಕು, ಕಾಟ್ಲಾ ಜೊತೆ ಅಲ್ಲ. ಮಳೆಗಾಲದಲ್ಲಿ ಮೊಟ್ಟೆ ತುಂಬಿದ ಹೆಣ್ಣು ಮೀನಿಗೆ ಈ ಲೆಕ್ಕ ಸುಮ್ನೆ ಜಾಸ್ತಿ ತೋರಿಸುತ್ತದೆ. ಹುಟ್ಟಾ ತಲೆ ಅಗಲ ಇರುವ ಮೀಸೆ ಮೀನುಗಳಿಗಂತೂ ಬೆನ್ನು ನೋಡುವ ಉಪಾಯ ನಡೆಯಲ್ಲ.