ಟ್ಯಾಕ್ಸಿವೇ ಎಲ್‌ಇಡಿ: ಎರಡು ವರ್ಷ ಒದ್ದಾಡಿ ದಾರಿಗೆ ತಂದ ಕಥೆ

ವಿಮಾನ ನಿಲ್ದಾಣದಲ್ಲಿ ವಿಮಾನಗಳು ರನ್‌ವೇಗೆ ಹೋಗಿಬರುವ ದಾರಿ, ಅಂದರೆ ಟ್ಯಾಕ್ಸಿವೇ, ಅದರ ಅಂಚಿನ ನೀಲಿ ಲೈಟುಗಳನ್ನು ಎಲ್‌ಇಡಿಗೆ ಬದಲಾಯಿಸಲು ಹೋಗಿ ಕೈ ಸುಟ್ಟುಕೊಂಡವರು ನಮ್ಮ ಕಸುಬಿನಲ್ಲಿ ಬೇಕಾದಷ್ಟು ಜನ ಇದ್ದಾರೆ. ನಾನೂ ಸುಟ್ಟುಕೊಂಡೆ. ಆದರೆ ಕೊನೆಗೂ ದಾರಿಗೆ ತಂದೆ. ಹೊಸ ಸಿಸಿಆರ್ (ಲೈಟಿನ ಸಾಲಿಗೆ ಒಂದೇ ಸಮನೆ ಕರೆಂಟು ಕೊಡುವ ಯಂತ್ರ) ಕೊಳ್ಳದೆ ಇದು ಆಗೋ ಮಾತೇ ಅಲ್ಲ ಅಂತ ಮೀಟಿಂಗಿನಲ್ಲಿ ತಲೆ ಅಲ್ಲಾಡಿಸಿದವರೇ ಈಗ ಫೋನ್ ಮಾಡಿ ಹೇಗೆ ಮಾಡಿದಿರಿ ಅಂತ ಕೇಳುತ್ತಿದ್ದಾರೆ. ಒಬ್ಬೊಬ್ಬರಿಗೂ ಹೇಳಿ ಹೇಳಿ ಸಾಕಾಯ್ತು, ಅದಕ್ಕೇ ಬರೆದುಬಿಟ್ಟೆ.

ನಮ್ಮದು ಒಂದೇ ರನ್‌ವೇ. ಮೊದಲು ಕೈ ಹಾಕಿದ ಸರ್ಕ್ಯೂಟಿನಲ್ಲಿ ಸುಮಾರು 380 ಲೈಟು ಇದ್ದವು. ಎಲ್ಲಾ 45 ವ್ಯಾಟಿನ ಹ್ಯಾಲೊಜೆನ್. ಅವಕ್ಕೆ ಕರೆಂಟು ಕೊಡುವುದು 30 ಕೆವಿಎ ಸಾಮರ್ಥ್ಯದ ಸಿಸಿಆರ್. ಹೊಸ ಲೈಟು ಒಂದೊಂದಕ್ಕೆ ಹತ್ತು ವ್ಯಾಟೂ ಬೇಡ. ನಾನು ಕಾಗದದ ಮೇಲೆ ಗುಣಿಸಿ, ಭಾಗಿಸಿ, ಕರೆಂಟಿನಲ್ಲಿ ನೂರಕ್ಕೆ 70 ಉಳಿತಾಯ, ಎರಡು ವರ್ಷಕ್ಕೆ ಹಾಕಿದ ದುಡ್ಡು ವಾಪಸ್ ಅಂತ ಬರೆದು ಕೊಟ್ಟೆ. ಆ ಕಾಗದ ಆಮೇಲೆ ನನ್ನ ಕುತ್ತಿಗೆಗೇ ಬಂತು.

ಬದಲಾಯಿಸುವ ಕೆಲಸದಲ್ಲಿ ಹೇಳುವಂಥದ್ದು ಜಾಸ್ತಿ ಇಲ್ಲ. ನೋಟಾಮ್ (ಪೈಲಟ್‌ಗಳಿಗೆ ಹೊರಡಿಸುವ ಸೂಚನೆ) ಹಾಕಿಸಿ, ಮಧ್ಯರಾತ್ರಿಯಿಂದ ನಾಲ್ಕೂವರೆವರೆಗೆ ಐದು ಜನ, ರಾತ್ರಿಗೆ 30 ಲೈಟು. ಒಂದೇ ಎಚ್ಚರಿಕೆ: ಒಂದು ಸಾಲಿನಲ್ಲಿ ಹಳೇದು ಹೊಸದು ಬೆರೆಸಬೇಡಿ. ಸ್ಟೆಪ್ (1ರಿಂದ 5ರವರೆಗಿನ ಬೆಳಕಿನ ಮಟ್ಟ) ಇಳಿಸಿದಾಗ ಹ್ಯಾಲೊಜೆನ್ನಿನ ನೀಲಿ ಮಂಕಾಗುತ್ತದೆ, ಎಲ್‌ಇಡಿ ನೀಲಿ ಚುಚ್ಚುವ ಹಾಗೆ ಉಳಿಯುತ್ತದೆ. ನಾವು ಒಂದು ರಾತ್ರಿ ತಿರುವಿನ ನಡುವೆಯೇ ಕೆಲಸ ನಿಲ್ಲಿಸಿದ್ದೆವು. ಮರುದಿನ ಇಬ್ಬರು ಪೈಲಟ್‌ಗಳು ಟವರ್‌ಗೆ ದೂರು ಕೊಟ್ಟರು. ಆಮೇಲಿಂದ ಒಂದು ತಿರುವಿನಿಂದ ಇನ್ನೊಂದು ತಿರುವಿನವರೆಗೆ ಪೂರ್ತಿ ಮುಗಿಸಿಯೇ ಏಳುತ್ತಿದ್ದೆವು.

ಎಲ್ಲಾ ಮುಗಿದ ರಾತ್ರಿ ಸ್ಟೆಪ್ 5ರಲ್ಲಿ ಹಾಕಿ ನೋಡಿದೆ. 6.6 ಆಂಪಿಯರ್, ಕಣ್ಣಿಗೆ ಹಬ್ಬ. ಹುಡುಗರು ಫೋಟೋ ತೆಗೆದುಕೊಂಡರು. ಸ್ಟೆಪ್ ಇಳಿಸುತ್ತಾ ಬಂದೆ. 3ರವರೆಗೆ ಸರಿ ಇತ್ತು. ಸ್ಟೆಪ್ 1ಕ್ಕೆ, ಅಂದರೆ 2.8 ಆಂಪಿಯರಿಗೆ ಬಂದಾಗ ಸಾಲು ಪೂರ್ತಿ ನಡುಗಲು ಶುರುವಾಯಿತು. ಟವರ್‌ನವರು ವೈರ್‌ಲೆಸ್ಸಿನಲ್ಲಿ, "ಸಾರ್, ನಿಮ್ಮ ಲೈಟು ನಮ್ಮನ್ನ ನೋಡಿ ಕಣ್ಣು ಹೊಡೀತಿವೆ" ಅಂದರು. ರಾತ್ರಿ ಹವಾಮಾನ ಚೆನ್ನಾಗಿದ್ದಾಗ ನಾವು ಬಳಸುವುದೇ 1 ಮತ್ತು 2. ನಗು ಬರಲಿಲ್ಲ.

ಲೈಟು ಕೊಟ್ಟವರು ಬಂದು ನೋಡಿ, ನಿಮ್ಮ ಸಿಸಿಆರ್ ಹಳೇದು, ಬದಲಾಯಿಸಿ ಅಂದರು. ಅವರು ಕೊಟ್ಟ ದರ 380 ಲೈಟಿಗೆ ಕೊಟ್ಟದ್ದರ ಮುಕ್ಕಾಲು ಪಾಲಿತ್ತು! ನನ್ನ ಮೇಲಿನವರು ಆ ಹಳೇ ಕಾಗದ ತೆಗೆದು ಮೇಜಿನ ಮೇಲಿಟ್ಟು, "ನಿಮ್ಮ 70 ಎಲ್ಲಿ ಸ್ವಾಮಿ?" ಎಂದು ಕೇಳಿದರು.

ಹಟಕ್ಕೆ ಬಿದ್ದೆ. ವಾರಂಟಿಯಲ್ಲಿ 40 ಲೈಟು ಬದಲಾಯಿಸಿ ನೋಡಿದೆ, ಅದೇ ನಡುಕ. ಮೆಗ್ಗರ್ (ಇನ್ಸುಲೇಶನ್ ಅಳೆಯುವ ಮೀಟರ್) ಹಿಡಿದು ಕೇಬಲ್ ಪೂರ್ತಿ ತಡಕಾಡಿದೆ. ಲೈಟಿನ ಟ್ರಾನ್ಸ್‌ಫಾರ್ಮರ್ ಇಡುವ ಗುಂಡಿಗಳು, ಅಂದರೆ ಪಿಟ್‌ಗಳು, ಮೂರರಲ್ಲಿ ಮೊಣಕಾಲುದ್ದ ನೀರು ಸಿಕ್ಕಿತು. ಟ್ರಾನ್ಸ್‌ಫಾರ್ಮರ್‌ಗಳನ್ನು ಎತ್ತಿ ಕಟ್ಟೆಯ ಮೇಲಿಟ್ಟು ಕನೆಕ್ಟರ್ ಹೊಸದು ಹಾಕಿದ್ದಕ್ಕೆ ಇನ್ಸುಲೇಶನ್ 1 ಮೆಗಾಓಮ್‌ನಿಂದ 40ಕ್ಕೆ ಹೋಯಿತು. ಅದು ಹೇಗಿದ್ದರೂ ಮಾಡಬೇಕಾಗಿದ್ದ ಕೆಲಸ. ಕೇಬಲ್ ಎರಡು ಕಡೆ ಅರ್ತ್ ಆದರೆ (ನೆಲಕ್ಕೆ ಕರೆಂಟು ಸೋರಿದರೆ) ನಡುವಿನ ಲೈಟೆಲ್ಲಾ ಸತ್ತು ಹೋಗುತ್ತವೆ, ಗೊತ್ತಲ್ವಾ. ಆದರೆ ನಡುಕ ಹೋಗಲಿಲ್ಲ.

ಒಂದು ದಿನ ಸುಮ್ನೆ ತಲೆ ಕೆಟ್ಟು ಸ್ಟೋರಿನಲ್ಲಿದ್ದ 200 ವ್ಯಾಟಿನ ಹಳೇ ಲ್ಯಾಂಪ್ ಹತ್ತನ್ನು ಅವುಗಳ ಟ್ರಾನ್ಸ್‌ಫಾರ್ಮರ್ ಸಮೇತ ಸಿಸಿಆರ್ ರೂಮಿನಲ್ಲೇ ಸರ್ಕ್ಯೂಟಿಗೆ ಸೇರಿಸಿದೆ. ಹೊರಗೆ ನಡುಕ ಅರ್ಧಕ್ಕರ್ಧ ಕಡಿಮೆಯಾಯಿತು. ಆದರೆ ಉಳಿಸಿದ ಕರೆಂಟನ್ನು ರೂಮು ಬಿಸಿ ಮಾಡಲು ಸುರಿದ ಹಾಗಾಯಿತು. ಒಳಗೆ ನಿಲ್ಲಲು ಆಗುತ್ತಿರಲಿಲ್ಲ. ಹುಡುಗರು ಅದಕ್ಕೆ ಸಾಹೇಬರ ಸ್ನಾನದ ಒಲೆ ಅಂತ ಹೆಸರಿಟ್ಟರು.

ಆದರೂ ಸುಳಿವು ಸಿಕ್ಕಿದ್ದು ಅಲ್ಲೇ. ಲೋಡ್ ಹೆಚ್ಚಿಸಿದರೆ ನಡುಕ ಕಡಿಮೆ ಆಗುತ್ತದೆ ಅಂದರೆ, ಲೋಡಿಗೆ ತಕ್ಕ ಹಾಗೆ ಸಿಸಿಆರ್ ಅನ್ನೇ ಯಾಕೆ ಇಳಿಸಬಾರದು? ಸ್ಕೋಪ್ (ಕರೆಂಟಿನ ಅಲೆ ತೋರಿಸುವ ಉಪಕರಣ) ಹಚ್ಚಿ ನೋಡಿದೆ. ಕರೆಂಟಿನ ಅಲೆ ಹಲ್ಲು ಉದುರಿದ ಬಾಚಣಿಗೆಯ ಹಾಗಿತ್ತು. 30 ಕೆವಿಎ ಯಂತ್ರಕ್ಕೆ ಏಳೂವರೆ ಕಿಲೋವ್ಯಾಟ್ ಲೋಡ್. ಅದರೊಳಗೆ ಕರೆಂಟು ಬಿಟ್ಟು ತಡೆಯುವ ಥೈರಿಸ್ಟರ್ ಒಂದು ಚೂರು ತೆರೆದು ಮುಚ್ಚಿಕೊಳ್ಳುತ್ತಿತ್ತು. ನಡುವಿನ ಖಾಲಿ ಜಾಗದಲ್ಲಿ ಎಲ್‌ಇಡಿಯೊಳಗಿನ ಡ್ರೈವರ್ (ಕರೆಂಟು ಹದ ಮಾಡುವ ಸರ್ಕ್ಯೂಟು) ದಿಕ್ಕು ತಪ್ಪುತ್ತಿತ್ತು.

ಸಿಸಿಆರ್‌ನ ಹಿಂದಿನ ಮುಚ್ಚಳ ಬಿಚ್ಚಿದರೆ ಔಟ್‌ಪುಟ್ ಟ್ಯಾಪ್‌ಗಳು (ಯಂತ್ರದ ಸಾಮರ್ಥ್ಯವನ್ನು ಎಂಟರಲ್ಲಿ ಇಷ್ಟು ಪಾಲು ಅಂತ ಇಳಿಸುವ ಜೋಡಣೆ) ಧೂಳು ಹಿಡಿದು ಕೂತಿದ್ದವು. ಹಾಕಿದ ದಿನದಿಂದ ಫುಲ್ಲಿನಲ್ಲೇ ಇತ್ತು, ಯಾರೂ ಮುಟ್ಟಿರಲಿಲ್ಲ. ಆಸೆಬುರುಕತನದಿಂದ ಎಂಟರಲ್ಲಿ ಎರಡಕ್ಕೆ ಇಳಿಸಿದೆ. ಸ್ಟೆಪ್ 5ರಲ್ಲಿ ಕರೆಂಟು 6.2ರ ಹತ್ತಿರ ನಿಂತುಬಿಟ್ಟಿತು, ಅಲಾರಂ ಹೊಡೆದುಕೊಂಡಿತು. ಎಂಟರಲ್ಲಿ ಮೂರಕ್ಕೆ ತಂದೆ. ಐದೂ ಸ್ಟೆಪ್‌ಗಳು ಬಂದವು. ಸ್ಟೆಪ್ 1ರಲ್ಲಿ ಸಾಲು ಕದಲದೆ ನಿಂತಿತ್ತು. ಖರ್ಚು? ಒಂದು ರಾತ್ರಿಯ ಕೂಲಿ. ಟ್ಯಾಪ್ ಜೊತೆಗೆ ಕಂಟ್ರೋಲ್ ಕಾರ್ಡಿನಲ್ಲಿ ಇನ್ನೊಂದು ಸಣ್ಣ ಹೊಂದಾಣಿಕೆ ಮಾಡಿದ್ದೇನೆ. ಅದನ್ನು ಇಲ್ಲಿ ಬರೆಯುವುದಿಲ್ಲ. ಕಾರ್ಡ್ ಸುಟ್ಟರೆ ನನ್ನ ಹೆಸರು ಹೇಳುತ್ತೀರಿ.

ಈಗ ದುಡ್ಡಿನ ಮಾತು. ನಿಲ್ದಾಣದ ದೊಡ್ಡ ಬಿಲ್ಲಿನಲ್ಲಿ ಇದು ಕಾಣುವುದೇ ಇಲ್ಲ, ಟರ್ಮಿನಲ್ಲಿನ ಎಸಿ ಎಲ್ಲವನ್ನೂ ನುಂಗುತ್ತದೆ. ಅದಕ್ಕೇ ಸಿಸಿಆರ್ ರೂಮಿಗೆ ಬೇರೆ ಮೀಟರ್ ಹಾಕಿದೆ. ಟ್ಯಾಪ್ ಇಳಿಸುವ ಮೊದಲು ಕೆವಿಎ ಲೆಕ್ಕದಲ್ಲಿ ಉಳಿತಾಯ ನೂರಕ್ಕೆ 30 ದಾಟಿರಲಿಲ್ಲ. ಇಳಿಸಿದ ಮೇಲೆ 55ರ ಆಚೀಚೆ ಇದೆ. 70 ಆಗುವುದಿಲ್ಲ. ನಾನು ಬಲ್ಬಿನ ವ್ಯಾಟ್ ಮಾತ್ರ ಗುಣಿಸಿದ್ದೆ. ಕೇಬಲ್ಲಿನಲ್ಲಿ ಓಡುವುದು ಅದೇ 6.6 ಆಂಪಿಯರ್ ಅಲ್ವಾ, ಅದರ ನಷ್ಟ ಎಲ್ಲಿಗೂ ಹೋಗುವುದಿಲ್ಲ. ಟ್ರಾನ್ಸ್‌ಫಾರ್ಮರ್ ತನ್ನ ಪಾಲು ತಿಂದೇ ತಿನ್ನುತ್ತದೆ. ನಿಜವಾದ ಉಳಿತಾಯ ಬಂದದ್ದು ಬೇರೆ ಕಡೆಯಿಂದ. ಮೊದಲು ತಿಂಗಳಿಗೆ 30 ಲ್ಯಾಂಪ್ ಹೋಗುತ್ತಿದ್ದವು, ಪ್ರತಿ ಸಲ ಗಾಡಿ, ಇಬ್ಬರು ಹುಡುಗರು, ಟವರ್ ಪರ್ಮಿಶನ್. ಕಳೆದ ವರ್ಷ ಪೂರ್ತಿ ಬದಲಾಯಿಸಿದ್ದು ಏಳು, ಅದರಲ್ಲಿ ಎರಡು ಹುಲ್ಲು ಕತ್ತರಿಸುವ ಟ್ರ್ಯಾಕ್ಟರ್ ಗುದ್ದಿದ್ದು. ಎರಡು ವರ್ಷದಲ್ಲಿ ಬರಬೇಕಾದ ದುಡ್ಡಿಗೆ ನಾಲ್ಕು ವರ್ಷ ಹಿಡಿಯಬಹುದು.

ಇನ್ನೊಂದು ಕಾಟ ತೇವದ್ದು. ಹ್ಯಾಲೊಜೆನ್ ತನ್ನ ಬಿಸಿಗೆ ತಾನೇ ಒಣಗುತ್ತಿತ್ತು. ಎಲ್‌ಇಡಿ ತಣ್ಣಗೆ ಕೂತಿರುತ್ತದೆ, ಗಾಜಿನೊಳಗೆ ಹನಿ ಕಟ್ಟುತ್ತದೆ. ಮೊದಲ ಮಳೆಗಾಲದಲ್ಲಿ 60ಕ್ಕೂ ಹೆಚ್ಚು ಲೈಟು ಮಬ್ಬಾದವು. ಗ್ಯಾಸ್ಕೆಟ್ ಬದಲಾಯಿಸಿದರೆ ಅರ್ಧ ಸರಿಹೋಗುತ್ತದೆ. ಉಳಿದರ್ಧಕ್ಕೆ ನಮ್ಮ ಹಿರಿಯ ಫಿಟ್ಟರ್ ಒಬ್ಬರ ಕೈಚಳಕ ಇದೆ, ಅವರ ಅಪ್ಪಣೆ ಇಲ್ಲದೆ ಹೇಳುವಂತಿಲ್ಲ.

ನಡುವೆ ಒಂದು ಹುಚ್ಚು ಪ್ರಯೋಗವೂ ಆಯಿತು. ಎಲ್‌ಇಡಿ ಸಾಲಿನಲ್ಲಿ ಗಾಜಿಗೆ ಅಂಟುವ ಹುಳ ಕಡಿಮೆ ಅಂತ ನನಗೆ ಅನ್ನಿಸಿತು. ಹುಳ ಕಡಿಮೆಯಾದರೆ ಅದನ್ನು ತಿನ್ನಲು ಬರುವ ಹಕ್ಕಿಯೂ ಕಡಿಮೆ ಆಗಬೇಕಲ್ವಾ? ಒಂದು ತಿಂಗಳು ಬೆಳಗ್ಗೆ ಗಾಜು ಒರೆಸಿ ಹುಳ ಎಣಿಸಿದೆ. ಹಕ್ಕಿ ಓಡಿಸುವ ತಂಡದವರು ನನ್ನ ಪಟ್ಟಿ ನೋಡಿ, "ಸಾರ್, ಹಕ್ಕಿ ಬರೋದು ಹುಲ್ಲಿಗೆ, ನಿಮ್ಮ ಲೈಟಿಗಲ್ಲ" ಅಂದು ನಕ್ಕರು. ಹುಳದ ಪಟ್ಟಿ ಇನ್ನೂ ನನ್ನ ಹತ್ತಿರ ಇದೆ.

ಅಪ್ರೋಚ್ ಲೈಟು (ಇಳಿಯುವ ವಿಮಾನಕ್ಕೆ ರನ್‌ವೇ ದಾರಿ ತೋರಿಸುವವು) ಮಾತ್ರ ಸದ್ಯ ಮುಟ್ಟಿಲ್ಲ. ಕೆಲವು ವಿಮಾನಗಳ ಇನ್‌ಫ್ರಾರೆಡ್ ಕ್ಯಾಮೆರಾಕ್ಕೆ ಬಿಸಿ ಲ್ಯಾಂಪ್ ಕಾಣುತ್ತದೆ, ತಣ್ಣನೆ ಎಲ್‌ಇಡಿ ಕಾಣುವುದಿಲ್ಲ. ಮುಂದೆ ಹಿಡಿಯುವುದು ಏಪ್ರನ್ (ವಿಮಾನ ನಿಲ್ಲಿಸುವ ಜಾಗ) ಕಡೆಯ ಎರಡನೇ ಟ್ಯಾಕ್ಸಿವೇ ಸರ್ಕ್ಯೂಟ್. ಈ ಸಲ ಲೈಟಿಗೆ ಆರ್ಡರ್ ಹಾಕುವ ಮೊದಲೇ ಪಿಟ್ ಬಗ್ಗಿ ನೋಡಿದ್ದೇನೆ. ಮೆಗ್ಗರ್ 2 ಮೆಗಾಓಮ್ ತೋರಿಸುತ್ತಿದೆ. ಮಳೆ ನಿಂತ ಮೇಲೆ ನೀರು ಖಾಲಿ ಮಾಡಿಸಬೇಕು.