ಬಿಳಿ ಮುಖವಾಡಕ್ಕೆ ಕಾವಿ ಗೆರೆ: ಪ್ಲಾಸ್ಟರ್‌ನಲ್ಲಿ ಮುಖದ ಅಚ್ಚು ತೆಗೆಯುವುದು ಹೇಗೆ?

ಶಿರಸಿಯ ಮಾರಿಕಾಂಬಾ ದೇವಸ್ಥಾನದಲ್ಲಿ ಕಾವಿ ಕಲೆಯ ಚಿತ್ರಗಳಿವೆ. ಈ ಕಲೆಯಲ್ಲಿ ಬಿಳಿ ಗಾರೆಯ ಮೇಲೆ ಕೆಮ್ಮಣ್ಣಿನ ಲೇಪ ಕೊಟ್ಟು, ಅದನ್ನು ಚೂಪಾದ ಮೊನೆಯಿಂದ ಕೆರೆಯುತ್ತಾರೆ. ಕೆರೆದಲ್ಲೆಲ್ಲ ಒಳಗಿನ ಬಿಳಿ ಕಾಣಿಸಿ ಚಿತ್ರವಾಗುತ್ತದೆ. ಶಾಲೆಯ ಕಲಾ ಪ್ರಾಜೆಕ್ಟಿಗೆ ಮುಖವಾಡ ಮಾಡುವ ಮಕ್ಕಳು ಹತ್ತು ಬಣ್ಣ ಕೊಳ್ಳುವ ಬದಲು ಇದನ್ನೇ ಮಾಡಿನೋಡಲಿ ಎಂಬುದು ನನ್ನ ಆಸೆ. ಪ್ಲಾಸ್ಟರ್ ಹುಟ್ಟಾ ಬಿಳಿ. ಬೇಕಾಗುವುದು ಕೆಂಪು ಒಂದೇ. ಆದರೆ ಮುಖವಾಡ ಪೂರ್ತಿ ಒಣಗದೆ ಈ ಕೆಲಸ ಆಗದು. ಕಾರವಾರ, ಕುಮಟಾ ಕಡೆಯ ತೇವದ ಗಾಳಿಯಲ್ಲಿ ಒಣಗಿಸುವುದೇ ಅರ್ಧ ಕೆಲಸ.

ಮೂಳೆ ಮುರಿದಾಗ ಕಟ್ಟುವ ಪಿ.ಒ.ಪಿ. (ಪ್ಲಾಸ್ಟರ್ ಆಫ್ ಪ್ಯಾರಿಸ್) ಬ್ಯಾಂಡೇಜ್ ಮೆಡಿಕಲ್ ಶಾಪಿನಲ್ಲಿ ಸಿಗುತ್ತದೆ. 10 ಸೆಂ.ಮೀ. ಅಗಲದ ಎರಡು ಸುರುಳಿ ಒಂದು ಮುಖಕ್ಕೆ ಸಾಕು. ಪೊಟ್ಟಣ ಒಡೆದಿಟ್ಟರೆ ನಮ್ಮ ಹವೆಗೆ ಅದು ತಾನಾಗಿ ತೇವ ಎಳೆದುಕೊಂಡು ಕೆಟ್ಟುಹೋಗುತ್ತದೆ. ಹಳೆಯ ಸುರುಳಿಯಾದರೆ ಮೊದಲು ಒಂದು ತುಂಡನ್ನು ಅದ್ದಿ ನೋಡಿ. ಹದಿನೈದು ನಿಮಿಷವಾದರೂ ಗಟ್ಟಿಯಾಗದಿದ್ದರೆ ಅದನ್ನು ಬಿಟ್ಟುಬಿಡಿ.

ಮುಂದಕ್ಕೆ ಹೋಗುವ ಮೊದಲು ಒಂದು ಎಚ್ಚರಿಕೆ. ಜಿಪ್ಸಂ ಕಲ್ಲನ್ನು ಸುಮಾರು 150 ಡಿಗ್ರಿಯಲ್ಲಿ ಕಾಯಿಸಿ, ಅದರೊಳಗಿನ ನೀರಿನಲ್ಲಿ ಮುಕ್ಕಾಲು ಪಾಲು ತೆಗೆದರೆ ಪ್ಲಾಸ್ಟರ್ ಆಫ್ ಪ್ಯಾರಿಸ್ ಸಿಗುತ್ತದೆ. ನೀರು ಬಿದ್ದಾಗ ಅದು ಮತ್ತೆ ಜಿಪ್ಸಂ ಆಗುತ್ತದೆ, ಆಗ ಬಿಸಿ ಹೊರಡುತ್ತದೆ. ತೆಳು ಪಟ್ಟಿಯ ಬಿಸಿ ಗಾಳಿಗೆ ಹೋಗುತ್ತದೆ. ದಪ್ಪ ಮುದ್ದೆಯ ಬಿಸಿ ಒಳಗೇ ಉಳಿಯುತ್ತದೆ. 2007ರಲ್ಲಿ ಇಂಗ್ಲೆಂಡಿನ ಲಿಂಕನ್‌ಶೈರ್‌ನ ಶಾಲೆಯೊಂದರಲ್ಲಿ ಅಚ್ಚು ತೆಗೆಯಲೆಂದು ಕಲಸಿದ ಪ್ಲಾಸ್ಟರ್‌ನಲ್ಲಿ ಕೈ ಇಟ್ಟ ವಿದ್ಯಾರ್ಥಿನಿ ಸುಟ್ಟಗಾಯದಿಂದ ಬಹುತೇಕ ಎಲ್ಲ ಬೆರಳುಗಳನ್ನೂ ಕಳೆದುಕೊಂಡಳು. ಪುಡಿ ಕಲಸಿ ಮುಖಕ್ಕೆ ಮೆತ್ತುವುದು ಬೇಡವೇ ಬೇಡ. ಮೈಮೇಲೆ ಹಾಕುವುದು ಬ್ಯಾಂಡೇಜ್ ಮಾತ್ರ, ಅದೂ ಮೂರು ನಾಲ್ಕು ಪದರ, ದೊಡ್ಡವರು ಪಕ್ಕದಲ್ಲಿದ್ದಾಗ.

ಉಬ್ಬಸ, ನೆಗಡಿ, ಮುಖದ ಮೇಲೆ ಗಾಯ ಅಥವಾ ಮುಖ ಮುಚ್ಚಿದರೆ ಹೆದರಿಕೆ ಇರುವ ಮಕ್ಕಳಿಗೆ ಜೇಡಿಮಣ್ಣಿನ ಮುಖವೇ ಒಳ್ಳೆಯದು. ಚೌತಿ ಮುಗಿದ ಮೇಲೆ ಗಣಪತಿ ಮಾಡುವವರನ್ನು ಕೇಳಿದರೆ ಒಂದಿಷ್ಟು ಮಣ್ಣು ಸಿಕ್ಕೀತು. ಮುಖ ತಿದ್ದಿ, ಮೇಲೆ ತೆಳು ಪ್ಲಾಸ್ಟಿಕ್ ಹಾಳೆ ಹೊದಿಸಿ ಪಟ್ಟಿ ಅಂಟಿಸಿದರಾಯಿತು. ಮೂಗನ್ನು ಉದ್ದ ಮಾಡುವ, ಹುಬ್ಬು ಏರಿಸುವ ಸ್ವಾತಂತ್ರ್ಯವೂ ಇಲ್ಲಿದೆ.

ನಿಜವಾದ ಮುಖಕ್ಕೇ ಹಾಕುವುದಾದರೆ, ಬ್ಯಾಂಡೇಜನ್ನು ಒಣಗಿರುವಾಗಲೇ ಎರಡು ಬೆರಳಗಲದ ಪಟ್ಟಿಗಳಾಗಿ ಕತ್ತರಿಸಿಡಿ. ಮೂಗಿನ ಸುತ್ತಲಿಗೆ ಸಣ್ಣ ತ್ರಿಕೋನಗಳೂ ಬೇಕು. ಮಗುವನ್ನು ಮಲಗಿಸಿ, ಕೂದಲನ್ನು ಬಟ್ಟೆಯಿಂದ ಬಿಗಿದು, ಮುಖಕ್ಕೆಲ್ಲ ವ್ಯಾಸಲೀನ್ ಹಚ್ಚಿ. ಹುಬ್ಬಿಗೂ ಹಣೆಯ ಅಂಚಿನ ಕೂದಲಿಗೂ ಕೂದಲು ಕಾಣದಷ್ಟು ದಪ್ಪ ಇರಲಿ. ತೆಂಗಿನೆಣ್ಣೆ ಮನೆಯಲ್ಲೇ ಇದೆಯೆಂದು ಅದನ್ನು ಹಚ್ಚಬೇಡಿ, ಅದು ಇಳಿದುಹೋಗಿ ಹುಬ್ಬು ಪ್ಲಾಸ್ಟರ್‌ಗೆ ಸಿಕ್ಕಿಕೊಳ್ಳುತ್ತದೆ. ಕಣ್ಣು, ಮೂಗಿನ ಹೊಳ್ಳೆ, ಬಾಯಿಯ ಮೇಲೆ ಪಟ್ಟಿ ಹಾಕದೆ ಬಿಡಿ. ಉಸಿರಾಡಲು ಕೊಳವೆ ಸಿಕ್ಕಿಸುವ ಗೊಡವೆ ಬೇಡ. ಕೈ ಎತ್ತಿದರೆ ತಕ್ಷಣ ತೆಗೆಯುತ್ತೇವೆಂದು ಮೊದಲೇ ಹೇಳಿ, ಹಾಗೇ ನಡೆದುಕೊಳ್ಳಿ.

ಪಟ್ಟಿಯನ್ನು ಉಗುರುಬೆಚ್ಚಗಿನ ನೀರಿನಲ್ಲಿ ಅದ್ದಿ, ಎರಡು ಬೆರಳ ನಡುವೆ ಎಳೆದು ಹೆಚ್ಚಿನ ನೀರು ಇಳಿಸಿ. ಹಣೆಯಿಂದ ಶುರುಮಾಡಿ ಕೆನ್ನೆ, ಗಲ್ಲಕ್ಕೆ ಬನ್ನಿ, ಮೂಗು ಕೊನೆಗೆ. ಒಂದು ಪದರ ಅಡ್ಡ ಹೋದರೆ ಮುಂದಿನದು ಉದ್ದ. ಪ್ರತಿ ಪಟ್ಟಿಯನ್ನೂ ಬೆರಳಿನಿಂದ ನೀವುತ್ತ ಹೋಗಿ; ಬಲೆಯ ಕಣ್ಣು ಮುಚ್ಚಿ ಮೇಲ್ಮೈ ಕೆನೆಯ ಹಾಗೆ ನುಣುಪಾಗಬೇಕು. ಅಂಚಿಗೆ ಪಟ್ಟಿ ಮಡಚಿ ಹಾಕಿದರೆ ಮುಂದೆ ಒಡೆಯುವುದಿಲ್ಲ.

ಹತ್ತು ಹದಿನೈದು ನಿಮಿಷದಲ್ಲಿ ಬೆರಳಿನಿಂದ ತಟ್ಟಿದರೆ ಟಕ್ ಎನ್ನುತ್ತದೆ. ಆಗ ಮಗು ಕೆನ್ನೆ ಉಬ್ಬಿಸಿ, ಹುಬ್ಬು ಕುಣಿಸಿ, ಮೂಗು ಮುರಿದರೆ ಮುಖವಾಡ ಸಡಿಲವಾಗುತ್ತದೆ. ಗಲ್ಲದ ಕಡೆಯಿಂದ ಮೆಲ್ಲಗೆ ಎತ್ತಿ. ಎಲಾಸ್ಟಿಕ್ ದಾರಕ್ಕೆ ಕಿವಿಯ ಬದಿಯಲ್ಲಿ ತೂತು ಮಾಡಲು ಇದೇ ಸಮಯ.

ಒಳಗೆ ಅಂಟಿದ ವ್ಯಾಸಲೀನ್ ಒರೆಸಿ, ಹೊರಮೈಗೆ ಪಿ.ಒ.ಪಿ. ಪುಡಿಯನ್ನು ಮೊಸರಿನ ಹದಕ್ಕೆ ಕಲಸಿ ತೆಳುವಾಗಿ ಬಳಿಯಿರಿ. ಈ ಪದರವಿಲ್ಲದೆ ಕಾವಿ ಕೆರೆಯಲು ಹೋದರೆ ಬ್ಯಾಂಡೇಜಿನ ನೂಲು ಕಿತ್ತುಬರುತ್ತದೆ.

ಇನ್ನು ಒಣಗಿಸುವುದು. ಬೇಸಿಗೆಯಲ್ಲಿ ಒಂದು ದಿನದಲ್ಲಿ ಆಗುವ ಕೆಲಸ ಜೂನ್-ಜುಲೈಯಲ್ಲಿ ನಾಲ್ಕೈದು ದಿನ ಹಿಡಿದರೂ ಆಶ್ಚರ್ಯವಿಲ್ಲ. ಜಾಲರಿಯ ಮೇಲೋ ಬುಟ್ಟಿಯ ಮೇಲೋ ಇಟ್ಟು, ಎರಡೂ ಬದಿಗೆ ಫ್ಯಾನಿನ ಗಾಳಿ ತಾಗಿಸಿ. ಬಚ್ಚಲೊಲೆಯ ಮೇಲೆ ಇಡುವ ಆತುರ ಬೇಡ. ಹೆಚ್ಚು ಬಿಸಿಗೆ ಪ್ಲಾಸ್ಟರ್‌ನೊಳಗಿನ ನೀರೇ ಹೊರಟು ಅದು ಪುಡಿಯಾಗತೊಡಗುತ್ತದೆ. ಒಣಗಿತೇ ಎಂದು ತಿಳಿಯಲು ಮುಖವಾಡವನ್ನು ನಿಮ್ಮ ಕೆನ್ನೆಗೆ ಒತ್ತಿಕೊಳ್ಳಿ. ತಣ್ಣಗೆ ಅನಿಸಿದರೆ ಒಳಗೆ ಇನ್ನೂ ನೀರಿದೆ. ಆ ನೀರಿನ ಮೇಲೆ ಬಣ್ಣ ಬಳಿದರೆ ವಾರದಲ್ಲಿ ಬೂಷ್ಟು ಹಿಡಿದು ಬಣ್ಣ ಏಳುತ್ತದೆ.

ಒಣಗಿದ ಮೇಲೆ 220 ನಂಬರಿನ ಸ್ಯಾಂಡ್‌ಪೇಪರ್‌ನಿಂದ ಉಜ್ಜಿ, ಮೂಗಿಗೆ ಬಟ್ಟೆ ಕಟ್ಟಿಕೊಂಡೇ. ಒಂದು ಪಾಲು ಫೆವಿಕಾಲ್‌ಗೆ ಮೂರು ಪಾಲು ನೀರು ಸೇರಿಸಿ ಒಂದು ಕೈ ಬಳಿದು ಒಣಗಲು ಬಿಡಿ. ಇಲ್ಲವಾದರೆ ಪ್ಲಾಸ್ಟರ್ ಕೆಂಪನ್ನು ಒಳಕ್ಕೆ ಹೀರಿಕೊಂಡು, ಕೆರೆದರೂ ಬಿಳಿ ಬರುವುದಿಲ್ಲ. ಆಮೇಲೆ ನುಣ್ಣಗೆ ಜರಡಿ ಹಿಡಿದ ಕೆಮ್ಮಣ್ಣು ಅಥವಾ ನೆಲಕ್ಕೆ ಹಾಕುವ ರೆಡ್ ಆಕ್ಸೈಡ್‌ಗೆ ತುಸು ಫೆವಿಕಾಲ್, ನೀರು ಸೇರಿಸಿ ಹಚ್ಚಿ. ಬೆರಳಿಗೆ ಅಂಟದ, ಆದರೆ ಪೂರ್ತಿ ಗಟ್ಟಿಯೂ ಆಗದ ಹದದಲ್ಲಿ ದಬ್ಬಳ ಹಿಡಿದು ಕೆರೆಯಲು ಕುಳಿತುಕೊಳ್ಳಿ. ಹಣೆಗೆ ಬಳ್ಳಿ, ಕೆನ್ನೆಗೆ ಹೂವು, ಅಂಚಿಗೆ ಚುಕ್ಕಿಸಾಲು. ಮೊನೆಯನ್ನು ಓರೆಯಾಗಿ ಹಿಡಿದರೆ ಗೆರೆ ಅಗಲ, ನೆಟ್ಟಗೆ ಹಿಡಿದರೆ ಸಣ್ಣ. ತಪ್ಪಿದ ಜಾಗಕ್ಕೆ ಮತ್ತೆ ಕೆಂಪು ಹಚ್ಚಿ ಕೆರೆಯಬಹುದು.

ಕೈ ತೊಳೆದ ಪ್ಲಾಸ್ಟರ್ ನೀರನ್ನು ಸಿಂಕಿಗೆ ಸುರಿಯಬೇಡಿ, ಪೈಪಿನೊಳಗೇ ಗಟ್ಟಿಯಾಗುತ್ತದೆ. ರಾತ್ರಿಯಿಡೀ ಬಕೆಟಿನಲ್ಲಿ ಬಿಟ್ಟು, ಮೇಲಿನ ತಿಳಿನೀರು ಚೆಲ್ಲಿ, ತಳದಲ್ಲಿ ಕೂತ ಗಟ್ಟಿಯನ್ನು ಒಣಕಸಕ್ಕೆ ಹಾಕಿ.